ಮರದ ಬುಡದಲ್ಲಿ ಕುಳಿತು ನೋಡಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ತಿಂಗಳು ಬಂದ ಪತ್ರಗಳಲ್ಲಿ ಬಹುಪಾಲು ಕಾಡಿನ ವಿಚಾರವೇ ಇದೆ. ಬಹಳ ವರ್ಷ ಸಸ್ಯಶಾಸ್ತ್ರದ ಪಾಠ ಹೇಳಿ, ಈಗ ಸಿದ್ದಾಪುರ ಸೀಮೆಯ ನಮ್ಮ ಅಡಿಕೆ ತೋಟಕ್ಕೆ ಮರಳಿರುವ ನನಗೆ ಇದಕ್ಕಿಂತ ಪ್ರಿಯವಾದ ವಿಷಯ ಇನ್ನೊಂದಿಲ್ಲ. ಜಾಗದ ಮಿತಿಯಿಂದ ಪತ್ರಗಳನ್ನು ಚಿಕ್ಕದು ಮಾಡಿದ್ದೇನೆ.

ರಾಜ್ಯದಲ್ಲಿ ಅರಣ್ಯ ಹೆಚ್ಚಾಗಿದೆ ಎಂದು ಪತ್ರಿಕೆಯಲ್ಲಿ ಓದಿದೆ. ನಮ್ಮ ಅಜ್ಜಿ ಮಾತ್ರ, ‘ನಾನು ಕಂಡ ಕಾಡು ಈಗ ಎಲ್ಲಿದೆ?’ ಎನ್ನುತ್ತಾರೆ. ಯಾರನ್ನು ನಂಬಲಿ?
– ಪದವಿ ವಿದ್ಯಾರ್ಥಿನಿ, ಸಾಗರ

ಇಬ್ಬರನ್ನೂ ನಂಬಿ. ಅವರು ಎಣಿಸುತ್ತಿರುವ ವಸ್ತುಗಳು ಬೇರೆ ಬೇರೆ, ಅಷ್ಟೇ.

ನೀವು ಓದಿದ ಸುದ್ದಿಯ ಮೂಲ ಡೆಹ್ರಾಡೂನ್‌ನ ಭಾರತೀಯ ಅರಣ್ಯ ಸರ್ವೇಕ್ಷಣಾ ಸಂಸ್ಥೆಯ ವರದಿ. 1987ರಿಂದ ಸುಮಾರು ಎರಡು ವರ್ಷಕ್ಕೊಮ್ಮೆ ಅದು ಹೊರಬರುತ್ತಿದೆ. 2021ರ ವರದಿಯ ಪ್ರಕಾರ ಕರ್ನಾಟಕದ ಅರಣ್ಯ ಹೊದಿಕೆ 38,730 ಚದರ ಕಿಲೋಮೀಟರ್, ರಾಜ್ಯದ ನೆಲದ ಶೇ 20.19. ಅದರ ಹಿಂದಿನ ವರದಿಗಿಂತ ಇದು 155 ಚದರ ಕಿಲೋಮೀಟರ್ ಹೆಚ್ಚು. ಇಡೀ ದೇಶಕ್ಕೆ 2023ರ ವರದಿ ಕೊಟ್ಟ ಲೆಕ್ಕ 7,15,343 ಚದರ ಕಿಲೋಮೀಟರ್, ಶೇ 21.76.

ಈ ಲೆಕ್ಕದಲ್ಲಿ ಸುಳ್ಳಿಲ್ಲ. ಆದರೆ ‘ಅರಣ್ಯ ಹೊದಿಕೆ’ ಎಂಬ ಮಾತಿಗೆ ಸಂಸ್ಥೆ ಕೊಟ್ಟಿರುವ ಅರ್ಥವನ್ನು ಒಮ್ಮೆ ನೋಡಬೇಕು. ಒಂದು ಹೆಕ್ಟೇರ್ ಅಥವಾ ಅದಕ್ಕಿಂತ ದೊಡ್ಡ ಜಾಗವಿರಬೇಕು, ಅದರ ನೂರು ಪಾಲಿನಲ್ಲಿ ಹತ್ತು ಪಾಲನ್ನಾದರೂ ಮರದ ತಲೆಗಳು ಮುಚ್ಚಿರಬೇಕು. ಜಾಗ ಯಾರದ್ದಾದರೂ ಸರಿ, ಮರ ಯಾವುದಾದರೂ ಸರಿ. ಕಾನಿನ, ಅಂದರೆ ಮಲೆನಾಡಿನ ದಟ್ಟ ಸಹಜ ಕಾಡಿನ, ಮಧ್ಯದ ಸಾಲುಧೂಪ ಮರವೂ ಅದೇ ಲೆಕ್ಕಕ್ಕೆ, ನೀಲಗಿರಿ ನೆಡುತೋಪೂ ಅದೇ ಲೆಕ್ಕಕ್ಕೆ. ಹಣ್ಣಿನ ತೋಟ, ಬಿದಿರು, ತಾಳೆ ಜಾತಿಯ ಮರಗಳೂ ಅದರೊಳಗೇ ಬರುತ್ತವೆ. ಹೊದಿಕೆಯನ್ನು ಗುರುತಿಸುವ ಉಪಗ್ರಹ ಚಿತ್ರದ ಒಂದು ಚುಕ್ಕೆ ನೆಲದ ಮೇಲೆ 23.5 ಮೀಟರ್ ಉದ್ದ, ಅಷ್ಟೇ ಅಗಲ. ನಮ್ಮ ಮನೆ, ಅಂಗಳ, ಕೊಟ್ಟಿಗೆ, ಪಕ್ಕದ ಹಲಸಿನ ಮರ ಎಲ್ಲವೂ ಒಂದೇ ಚುಕ್ಕೆಯಲ್ಲಿ ಅಡಗುತ್ತವೆ. ಅಷ್ಟು ಎತ್ತರದಿಂದ ನೋಡಿದರೆ ನನ್ನ ಅಡಿಕೆ ತೋಟವೂ ಹಸಿರೇ, ಗುಡ್ಡದ ಮೇಲಿನ ಕಾನೂ ಹಸಿರೇ.

ಇನ್ನೊಂದು ಲೆಕ್ಕ ನನ್ನನ್ನು ಬಹಳ ದಿನ ಕಾಡಿತು. ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದಲ್ಲಿ ಹತ್ತು ವರ್ಷಗಳಲ್ಲಿ ಒಟ್ಟು 58.22 ಚದರ ಕಿಲೋಮೀಟರ್ ಹೊದಿಕೆ ಕಡಿಮೆಯಾಗಿದೆ ಎಂದು 2023ರ ವರದಿ ಹೇಳುತ್ತದೆ. ಅಷ್ಟು ವಿಸ್ತಾರದ ಸೀಮೆಗೆ ಇದು ದೊಡ್ಡ ನಷ್ಟವಲ್ಲ ಎನಿಸಬಹುದು. ಆದರೆ ಒಳಗಿನ ಸಾಲುಗಳನ್ನು ಓದಿ. ಶೇ 70ಕ್ಕಿಂತ ಹೆಚ್ಚು ಮುಚ್ಚಿಕೊಂಡ ‘ಅತಿ ದಟ್ಟ’ ವರ್ಗ 3,465 ಚದರ ಕಿಲೋಮೀಟರ್ ಹೆಚ್ಚಿದೆ. ಮಧ್ಯಮ ದಟ್ಟಣೆಯದು 1,043, ತೆರೆದ ಕಾಡು 2,480 ಕಡಿಮೆಯಾಗಿವೆ. ಅಂದರೆ ಸಣ್ಣದೊಂದು ಮೊತ್ತದ ಹಿಂದೆ ಸಾವಿರಾರು ಚದರ ಕಿಲೋಮೀಟರ್ ನೆಲ ಒಂದು ವರ್ಗದಿಂದ ಇನ್ನೊಂದಕ್ಕೆ ದಾಟಿದೆ. ಹೀಗೆ ದಟ್ಟವಾದ ಜಾಗದಲ್ಲಿ ಎಷ್ಟು ಪಾಲು ನಿಜವಾಗಿ ಚೇತರಿಸಿಕೊಂಡ ಕಾಡು, ಎಷ್ಟು ಪಾಲು ಬೆಳೆದು ನಿಂತ ನೆಡುತೋಪು ಎಂಬುದನ್ನು ದಟ್ಟಣೆಯ ಅಳತೆ ಹೇಳಲಾರದು. ಅದನ್ನು ಅಲ್ಲಿಗೆ ನಡೆದುಹೋಗಿಯೇ ತಿಳಿಯಬೇಕು.

ನಿಮ್ಮ ಅಜ್ಜಿ ನಡೆದವರು. ಅವರ ಎದುರು ಒಂದು ನೋಟ್ ಪುಸ್ತಕ ಹಿಡಿದು ಕುಳಿತುಕೊಳ್ಳಿ. ಯಾವ ಕಾನಿನಿಂದ ಕಾಳುಮೆಣಸು ತರುತ್ತಿದ್ದರು, ಹುಳಿಗೆ ಯಾವ ಮರದ ಉಪ್ಪಾಗೆ, ಯಾವ ಬೇಸಿಗೆಯವರೆಗೆ ಯಾವ ಒರತೆ ಬತ್ತುತ್ತಿರಲಿಲ್ಲ, ಎಲ್ಲವನ್ನೂ ಬರೆದುಕೊಳ್ಳಿ. 1868ರಲ್ಲಿ ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಇಬ್ಬರು ಅಧಿಕಾರಿಗಳು ನಿಮ್ಮ ಪಕ್ಕದ ಸೊರಬ ತಾಲ್ಲೂಕಿನ 171 ಕಾನುಗಳನ್ನು ಪಟ್ಟಿ ಮಾಡಿದ್ದರು. ನೂರೈವತ್ತು ವರ್ಷ ಕಳೆದರೂ ಆ ಪಟ್ಟಿಯನ್ನು ಹಿಡಿದು ಸಂಶೋಧಕರು ಊರೂರು ಸುತ್ತುತ್ತಾರೆ. ನಿಮ್ಮ ನೋಟ್ ಪುಸ್ತಕಕ್ಕೂ ಅಂಥ ಬೆಲೆ ಬರುತ್ತದೆ ಎಂದು ನಾನು ನಂಬಿದ್ದೇನೆ.

ಅಕೇಶಿಯಾ ಕೂಡ ಮರವೇ ಅಲ್ಲವೇ? ನೆರಳಿದೆ, ಸೌದೆ ಸಿಗುತ್ತದೆ, ಬೋಳು ಗುಡ್ಡದಲ್ಲೂ ಬೆಳೆಯುತ್ತದೆ. ಅದರ ಮೇಲೆ ನಿಮ್ಮಂಥವರಿಗೆ ಏಕಿಷ್ಟು ಸಿಟ್ಟು?
– ಕೃಷಿಕರು, ಹೊಸನಗರ

ಆ ಮರದ ಮೇಲೆ ನನಗೆ ಸಿಟ್ಟಿಲ್ಲ. ಆಸ್ಟ್ರೇಲಿಯಾ, ನ್ಯೂಗಿನಿ ಕಡೆಯ ಆ ಮರ ತನ್ನ ಊರಿನಲ್ಲಿ ತನ್ನ ಬಳಗದೊಂದಿಗೆ ಚೆನ್ನಾಗಿಯೇ ಇದೆ. ನಮ್ಮ ಮನೆಯ ಬೆಟ್ಟದಲ್ಲಿ ಅದನ್ನು ನೆಟ್ಟವರು ನನ್ನ ತಂದೆಯೇ. ಎಂಬತ್ತರ ದಶಕದಲ್ಲಿ ಸಸಿಗಳನ್ನು ಹಂಚುತ್ತಿದ್ದರು. ಸೊಪ್ಪು ಕಡಿದು ಕಡಿದು ಬೋಳಾದ ಗುಡ್ಡ, ಕೆಂಪು ಜಂಬಿಟ್ಟಿಗೆ ಕಲ್ಲು, ಏನೂ ಬೇರೂರದ ನೆಲ. ಅಲ್ಲಿ ಅಕೇಶಿಯಾ ಮೂರೇ ಮಳೆಗಾಲದಲ್ಲಿ ತಲೆಯೆತ್ತಿ ನಿಂತಾಗ ತಂದೆಯವರ ಮುಖದಲ್ಲಿದ್ದ ಹಿಗ್ಗು ನನಗೆ ಇಂದಿಗೂ ನೆನಪಿದೆ. ಊರಿನ ಹೆಂಗಸರಿಗೆ ಸೌದೆಗಾಗಿ ದೂರ ಹೋಗುವುದು ತಪ್ಪಿತು. ಇದನ್ನು ಅಲ್ಲಗಳೆದರೆ ಅನ್ಯಾಯವಾಗುತ್ತದೆ.

ಪ್ರಶ್ನೆ ಇರುವುದು ಮರದ ಕೆಳಗೆ. ನೀವೇ ಪರೀಕ್ಷಿಸಬಹುದು. ಅಡಿಕೆ ದಬ್ಬೆಯ ನಾಲ್ಕು ತುಂಡುಗಳನ್ನು ಕಟ್ಟಿ ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲದ ಚೌಕಟ್ಟು ಮಾಡಿ. ಮೊದಲು ಅದನ್ನು ಹತ್ತಿರದ ಕಾನಿನಲ್ಲಿ ನೆಲದ ಮೇಲಿಟ್ಟು ಬುಡದಲ್ಲಿ ಕುಳಿತುಕೊಳ್ಳಿ. ತರಗೆಲೆಯ ಮೇಲಿನ ಪದರ ಗರಿಗರಿ, ಅದರ ಕೆಳಗಿನದು ಒದ್ದೆ, ಇನ್ನೂ ಕೆಳಗೆ ಎಲೆಯ ನರಗಳು ಮಾತ್ರ ಉಳಿದ ಬಲೆ, ಕೊನೆಗೆ ಕೈಗೆ ಅಂಟುವ ಕಪ್ಪು ಮಣ್ಣು. ಬಿಳಿ ಶಿಲೀಂಧ್ರದ ಎಳೆಗಳು ಎಲೆಯಿಂದ ಎಲೆಗೆ ಹೊಲಿಗೆ ಹಾಕಿದಂತೆ ಓಡಿರುತ್ತವೆ. ಆ ಒಂದೇ ಚೌಕದಲ್ಲಿ ಮುರುಗಲು, ಕುಂಟುನೇರಳೆ, ದಾಲ್ಚಿನ್ನಿ, ಹೆಬ್ಬಲಸು, ಬೆತ್ತ, ಹೆಸರು ಗೊತ್ತಿಲ್ಲದ ಎರಡೆಲೆಯ ಮೊಳಕೆಗಳು. ಎಣಿಸುವಾಗ ಎರಡು ಕೈಯ ಬೆರಳುಗಳು ಸಾಲುವುದಿಲ್ಲ.

ಅದೇ ಚೌಕಟ್ಟನ್ನು ದಟ್ಟವಾದ ಅಕೇಶಿಯಾ ತೋಪಿನೊಳಗಿಡಿ. ಬಾಗಿದ ಕುಡುಗೋಲಿನಂಥ ಒಣ ಎಲೆಗಳ ಹಾಸು. ವಾಸ್ತವವಾಗಿ ಅವು ಎಲೆಗಳೇ ಅಲ್ಲ, ಚಪ್ಪಟೆಯಾಗಿ ಎಲೆಯ ಕೆಲಸ ಮಾಡುವ ತೊಟ್ಟುಗಳು. ಆಗಷ್ಟೇ ಮೊಳೆತ ಸಸಿಯಲ್ಲಿ ಮಾತ್ರ ಸಣ್ಣ ಸಣ್ಣ ದಳಗಳ ನಿಜವಾದ ಎಲೆ ಕಾಣುತ್ತದೆ. ಈ ತೊಟ್ಟುಗಳು ಬೇಗ ಕೊಳೆಯುವುದಿಲ್ಲ, ದನಗಳು ಮುಟ್ಟುವುದಿಲ್ಲ. ಹಾಸನ್ನು ಸರಿಸಿದರೆ ಕೆಳಗೆ ಗಟ್ಟಿ ನೆಲ. ಮೊಳಕೆ ಇದ್ದರೆ ಹೆಚ್ಚಾಗಿ ಅಕೇಶಿಯಾದ್ದೇ. ಮಂಗಟ್ಟೆ ಹಕ್ಕಿ ಬಂದು ಕೂರಲು ಅಲ್ಲಿ ಅತ್ತಿ, ಆಲದ ಬಳಗದ ಹಣ್ಣಿಲ್ಲ. ಹಕ್ಕಿ ಕೂರದಿದ್ದರೆ ಹೊರಗಿನ ಬೀಜ ಬೀಳುವುದಿಲ್ಲ.

1983ರ ಸೆಪ್ಟೆಂಬರ್ 8ರಂದು ಶಿರಸಿ ಹತ್ತಿರದ ಸಾಲ್ಕಣಿಯ ಜನ ಕಳಾಸೆ ಕಾಡಿಗೆ ಹೋಗಿ ಮರಗಳನ್ನು ಅಪ್ಪಿಕೊಂಡು ನಿಂತರಲ್ಲ, ಅಂದು ಅವರು ಕೇಳಿದ್ದೂ ಇದನ್ನೇ. ಸಹಜ ಕಾಡನ್ನು ಕಡಿದು ಒಂದೇ ಜಾತಿಯ ತೋಪು ಬೆಳೆಸಿದರೆ ನಮ್ಮ ನೀರು, ಸೊಪ್ಪು, ಹಣ್ಣು ಎಲ್ಲಿಂದ ಬರಬೇಕು ಎಂದು.

ನಿಮ್ಮ ಬೆಟ್ಟದಲ್ಲಿ ಅಕೇಶಿಯಾ ಇದ್ದರೆ ಒಂದೇ ಸಲಕ್ಕೆ ಸವರಿ ಹಾಕಬೇಡಿ. ಆ ತಪ್ಪನ್ನು ನಾನು ಒಂದು ಎಕರೆಯಲ್ಲಿ ಮಾಡಿದೆ. ಒಂದೇ ಮಳೆಗಾಲದಲ್ಲಿ ಯುಪಟೋರಿಯಂ ಕಳೆ ಎದೆಯೆತ್ತರ ಬೆಳೆದು ನಿಂತಿತು. ಅದನ್ನು ಕಿತ್ತು ಮುಗಿಸಲು ನಾಲ್ಕು ವರ್ಷ ಹಿಡಿಯಿತು. ಈಗ ಅಲ್ಲೊಂದು ಇಲ್ಲೊಂದು ಮರ ತೆಗೆದು, ಬೆಳಕು ಬಿದ್ದ ಕಿಂಡಿಯಲ್ಲಿ ತಾನಾಗಿ ಬಂದ ಹೊನ್ನೆ, ಮತ್ತಿ, ನೇರಳೆ ಸಸಿಗಳಿಗೆ ಕೋಲು ನೆಟ್ಟು ಗುರುತು ಮಾಡುತ್ತೇನೆ, ಬೇಸಿಗೆಯಲ್ಲಿ ಬೆಂಕಿ ತಾಗದಂತೆ ಸುತ್ತ ತರಗು ಗುಡಿಸುತ್ತೇನೆ. ಕೆಲಸ ನಿಧಾನ. ಆದರೆ ಹೋದ ವರ್ಷ ಅಲ್ಲೊಂದು ವಾಟೆ ಸಸಿ ಕಂಡಿತು. ಅದನ್ನು ನಾನು ನೆಟ್ಟಿರಲಿಲ್ಲ.

‘ರಾಮಪತ್ರೆ ಜಡ್ಡಿ’ ಎಂಬ ಮಾತನ್ನು ನೀವು ಹಿಂದೊಮ್ಮೆ ಬಳಸಿದ್ದಿರಿ. ಹಾಗೆಂದರೇನು? ಅದನ್ನು ಉಳಿಸಬೇಕು ಎನ್ನುವುದೇಕೆ?
– ಓದುಗರು, ದಾವಣಗೆರೆ

ಈ ಪ್ರಶ್ನೆ ಬಂದದ್ದು ನನಗೆ ಹಬ್ಬವಾಯಿತು.

ಘಟ್ಟದ ಎರಡು ಗುಡ್ಡಗಳ ನಡುವಿನ ತಗ್ಗಿನಲ್ಲಿ ವರ್ಷವಿಡೀ ನೀರು ಜಿನುಗುವ, ಕಾಲಿಟ್ಟರೆ ಹೂತುಹೋಗುವ ಜಾಗವನ್ನು ನಮ್ಮ ಕಡೆ ಜಡ್ಡಿ ಎನ್ನುತ್ತಾರೆ. ಕೆಲವು ಜಡ್ಡಿಗಳಲ್ಲಿ ರಾಮಪತ್ರೆಯ ಬಳಗದ ಮರಗಳೇ ತುಂಬಿರುತ್ತವೆ. ಜಾಯಿಕಾಯಿಯ ಹತ್ತಿರದ ನೆಂಟರು ಇವು. ಹೂ ಬಿಡುವ ಸಸ್ಯಗಳಲ್ಲಿ ಬಹಳ ಹಳೆಯ ಮನೆತನ. ತೊಗಟೆಗೆ ಕತ್ತಿ ತಾಗಿದರೆ ರಕ್ತದಂಥ ಕೆಂಪು ರಸ ಒಸರುತ್ತದೆ. ನಾನು ಪಾಠ ಹೇಳುತ್ತಿದ್ದಾಗ ಪ್ರತಿ ವರ್ಷ ಮಕ್ಕಳನ್ನು ಹೊನ್ನಾವರ ರಸ್ತೆಯ ಕತ್ತಲೆಕಾನಿಗೆ ಕರೆದೊಯ್ಯುತ್ತಿದ್ದೆ. ಹೆಸರಿಗೆ ತಕ್ಕ ಜಾಗ. ಮಧ್ಯಾಹ್ನ ಹನ್ನೆರಡಕ್ಕೆ ಒಳಹೊಕ್ಕರೂ ಕಣ್ಣು ಹೊಂದಿಕೊಳ್ಳಲು ಸ್ವಲ್ಪ ಹೊತ್ತು ಬೇಕು.

ಮೊದಲು ಕಾಣುವುದು ಬೇರು. ಸದಾ ನೀರಿನಲ್ಲಿರುವ ಕೆಸರಿನಲ್ಲಿ ಬೇರಿಗೆ ಗಾಳಿ ಸಿಗುವುದಿಲ್ಲ. ಆದ್ದರಿಂದ ಒಂದು ಜಾತಿಯ ಮರದ ಬೇರುಗಳು ಕೆಸರಿನಿಂದ ಮೇಲೆದ್ದು, ಮಡಚಿದ ಮೊಣಕಾಲಿನಂತೆ ಬಾಗಿ, ಮತ್ತೆ ಕೆಸರಿಗೇ ಇಳಿಯುತ್ತವೆ. ಒಂದಲ್ಲ ಎರಡಲ್ಲ, ನೆಲದ ತುಂಬ ಮೊಣಕಾಲುಗಳು. ಇನ್ನೊಂದು ಜಾತಿ ಕಾಂಡದಿಂದಲೇ ಊರುಗೋಲುಗಳನ್ನು ಇಳಿಬಿಟ್ಟು ನಿಲ್ಲುತ್ತದೆ. ಮೊಣಕಾಲಿನ ಮೇಲೆ ಕೈಯಾಡಿಸಿದರೆ ಸಣ್ಣ ಸಣ್ಣ ಗುಳ್ಳೆಗಳು ತಾಗುತ್ತವೆ. ಮರ ಉಸಿರಾಡುವುದು ಅವುಗಳ ಮೂಲಕ. ಇದನ್ನು ಹೇಳಿದ ಮೇಲೆ ಮಕ್ಕಳು ಬೇರನ್ನು ತುಳಿಯುತ್ತಿರಲಿಲ್ಲ. ನಾನು ಬೇಡವೆಂದು ಹೇಳಬೇಕಾಗಿರಲಿಲ್ಲ.

ಸಂಜೆಯವರೆಗೆ ಕಾದರೆ ತೊರೆಯಂಚಿನಲ್ಲಿ ಕುಂಬಾರ ಕಪ್ಪೆಯ ಸದ್ದು ಕೇಳಬಹುದು. 2014ರಲ್ಲಿ ವಿಜ್ಞಾನಿಗಳು ವಿವರಿಸಿ ನಮ್ಮ ಕನ್ನಡದ ಪದವನ್ನೇ ಅದಕ್ಕೆ ಹೆಸರಾಗಿ ಕೊಟ್ಟರು. ನೀರಿಗಿಂತ ಸ್ವಲ್ಪ ಮೇಲಿನ ಕಡ್ಡಿಗೋ ಕಲ್ಲಿಗೋ ಗಂಡು ಹೆಣ್ಣು ಎರಡೂ ಮುಂಗಾಲೂರಿ ತಲೆಕೆಳಗಾಗಿ ನಿಂತು ಮೊಟ್ಟೆ ಅಂಟಿಸುತ್ತವೆ. ಹೆಣ್ಣು ಹೊರಟುಹೋದ ಮೇಲೆ ಗಂಡು ತೊರೆಯ ತಳದಿಂದ ಎರಡು ಕೈಯಲ್ಲೂ ಮಣ್ಣು ತೆಗೆದು ತಂದು ಮೊಟ್ಟೆಗಳಿಗೆ ಮೆತ್ತುತ್ತದೆ. ಮತ್ತೆ ಹೋಗುತ್ತದೆ, ಮತ್ತೆ ತರುತ್ತದೆ. ಮಳೆಗಾಲದ ರಾತ್ರಿ ಟಾರ್ಚ್‌ಗೆ ಕೆಂಪು ಕಾಗದ ಸುತ್ತಿಕೊಂಡು ಒಮ್ಮೆ ಇದನ್ನು ನೋಡಿದೆ. ಹೆಬ್ಬೆರಳಿನಷ್ಟು ದೊಡ್ಡದಿಲ್ಲದ ಜೀವ, ಮಣ್ಣು ಮೆತ್ತುವಾಗ ಅಂಗೈ ಅಗಲಿಸುತ್ತಿತ್ತು. ಅಂಥ ಮಣ್ಣು, ಅಂಥ ತೇವ, ಅಂಥ ನೆರಳು ಇರುವಲ್ಲಿ ಮಾತ್ರ ಅದರ ಬಾಳು. ಗೇರಿನ ಬಳಗದ ಒಂದು ಮರಕ್ಕಂತೂ ಕತ್ತಲೆಕಾನಿನ ಹೆಸರೇ ಇದೆ. ಅಂಥದ್ದೊಂದು ಮರವಿದೆ ಎಂದು ವಿಜ್ಞಾನಕ್ಕೆ ತಿಳಿದದ್ದು 2000ದಲ್ಲಿ. ಆ ಮರ ಈಗ ಬೆರಳೆಣಿಕೆಯ ಜಡ್ಡಿಗಳಲ್ಲಿ ಮಾತ್ರ ಉಳಿದಿದೆ.

ಮೇಲೆ ನೋಡಿದರೆ ಸಿಂಗಳೀಕ. ಕಪ್ಪು ಮೈ, ಮುಖದ ಸುತ್ತ ಬೂದು ಕೇಸರ, ತುದಿಯಲ್ಲಿ ಕುಚ್ಚಿರುವ ಬಾಲ. ನೆಲಕ್ಕೆ ಇಳಿಯುವುದು ಅಪರೂಪ, ಕೊಂಬೆಯಿಂದ ಕೊಂಬೆಗೇ ಅದರ ದಾರಿ. ಕೊಂಬೆಗಳ ನಡುವೆ ರಸ್ತೆ ಅಗಲವಾದರೆ ಅದರ ಪಾಲಿಗೆ ಊರೇ ಎರಡಾಯಿತು. 2011ರಲ್ಲಿ ಅಘನಾಶಿನಿ ಕಣಿವೆಯನ್ನು ಸಿಂಗಳೀಕಕ್ಕಾಗಿ ಸಂರಕ್ಷಿತ ಪ್ರದೇಶವೆಂದು ಸಾರಿದ್ದು ನಮ್ಮ ಭಾಗ್ಯ.

ಇಷ್ಟೆಲ್ಲ ಇರುವ ಒಂದು ಜಡ್ಡಿ ಎಷ್ಟು ದೊಡ್ಡದು ಎಂದುಕೊಂಡಿರಿ? ಹಲವು ಜಡ್ಡಿಗಳು ಒಂದು ಗದ್ದೆಯಷ್ಟೂ ಇಲ್ಲ. ಗದ್ದೆ ಎಂದದ್ದು ಸುಮ್ಮನೆ ಅಲ್ಲ. ನೀರಿರುವ ತಗ್ಗು ನೆಲ ಮನುಷ್ಯನಿಗೂ ಬೇಕು. ನಮ್ಮ ಹಿರಿಯರು ಗದ್ದೆ, ತೋಟ ಮಾಡಿದ್ದು ಇಂಥ ಕಣಿವೆಗಳಲ್ಲೇ. ನಮ್ಮ ತೋಟದ ಕೆಳತುದಿಯಲ್ಲಿ ಎರಡು ರಾಮಪತ್ರೆ ಮರಗಳು ಇನ್ನೂ ನಿಂತಿವೆ. ನೂರಿನ್ನೂರು ವರ್ಷಗಳ ಹಿಂದೆ ಅಲ್ಲಿ ಏನಿತ್ತು ಎಂಬುದಕ್ಕೆ ಉಳಿದಿರುವ ಸಾಕ್ಷಿ ಅವೆರಡೇ. ಪ್ರತಿ ವರ್ಷ ಹೂ ಬಿಡುತ್ತವೆ, ಕಾಯಿ ಕಟ್ಟಿದ್ದನ್ನು ನಾನು ಕಂಡಿಲ್ಲ. ರಾಮಪತ್ರೆಯಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಉದುರಿದ ಹೂಗಳನ್ನು ಬ್ಲೇಡಿನಿಂದ ಸೀಳಿ ನೋಡಿದೆ. ಎರಡೂ ಹೆಣ್ಣು. ಉಪಗ್ರಹದ ಚಿತ್ರದಲ್ಲಿ ಅವು ಹಸಿರಾಗಿವೆ, ಆರೋಗ್ಯವಾಗಿಯೇ ಇವೆ. ಆದರೆ ಆ ಎರಡರಲ್ಲೇ ಅವುಗಳ ವಂಶ ನಿಂತುಹೋಗಿದೆ. ಕಾಡು ಕಡಿಮೆಯಾಗುವುದು ಎಂದರೆ ಹೀಗೂ ಇರುತ್ತದೆ, ಒಂದೂ ಮರ ಬೀಳದೆ.

ನಮ್ಮದು ಬಯಲು. ಬೀಳು ಬಿದ್ದ ಹುಲ್ಲುಗಾವಲಿನಲ್ಲಿ ಸಂಘದ ವತಿಯಿಂದ ಸಾವಿರ ಗಿಡ ನೆಡಬೇಕೆಂದಿದ್ದೇವೆ. ಹಾರೈಸಿ.
– ಯುವಕ ಸಂಘದ ಕಾರ್ಯದರ್ಶಿ, ರಾಣೆಬೆನ್ನೂರು ತಾಲ್ಲೂಕು

ನಿಮ್ಮ ಉತ್ಸಾಹವನ್ನು ಹಾರೈಸುತ್ತೇನೆ. ಆ ಹುಲ್ಲುಗಾವಲಿನಲ್ಲಿ ಮಾತ್ರ ನೆಡಬೇಡಿ ಎಂದು ಕೈಮುಗಿದು ಕೇಳುತ್ತೇನೆ.

ಉತ್ತರ ನಿಮ್ಮ ಊರಿನ ಪಕ್ಕದಲ್ಲೇ ಇದೆ. ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯ ಮೂಲತಃ ಕುರುಚಲು ಗಿಡಗಳ ಹುಲ್ಲುಬಯಲು. ಎರೆಭೂತ ಹಕ್ಕಿಯೂ ಅಲ್ಲಿತ್ತು. ನೆಲದ ಮೇಲೆ ವರ್ಷಕ್ಕೊಂದೇ ಮೊಟ್ಟೆಯಿಟ್ಟು, ನಾಲ್ಕೂ ದಿಕ್ಕಿಗೆ ದೂರದವರೆಗೆ ಕಣ್ಣಾಡಿಸಿ ಬದುಕುವ ದೊಡ್ಡ ಹಕ್ಕಿ ಅದು. ಆ ಬಯಲಿನ ಬಹುಭಾಗದಲ್ಲಿ ನೀಲಗಿರಿ ನೆಟ್ಟರು. ಮರ ಬಂತು, ಹೊದಿಕೆಯ ಲೆಕ್ಕವೂ ಬಂತು, ಎರೆಭೂತ ಹೋಯಿತು. ಈಗ ರಾಜ್ಯದಲ್ಲಿ ಅದಕ್ಕೆ ಉಳಿದಿರುವ ನೆಲೆ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಕಡೆಯ ಎರೆನೆಲ, ಅದೂ ಕೆಲವೇ ಹಕ್ಕಿಗಳಿಗೆ. ಹುಲ್ಲುಗಾವಲು ಬೀಳು ಬಿದ್ದ ಕಾಡಲ್ಲ. ಕುದುರೆಮುಖದ ಗುಡ್ಡಗಳಲ್ಲಿ ನೆತ್ತಿಯ ಮೇಲೆ ಹುಲ್ಲು, ಮಡಿಕೆಗಳಲ್ಲಿ ಮಾತ್ರ ಶೋಲಾ ಕಾಡು ಇರುವುದೂ ಯಾರೋ ಕಡಿದಿದ್ದರಿಂದ ಆದದ್ದಲ್ಲ. ಆ ನೆಲದ ರೂಪವೇ ಅದು.

ಸಾವಿರ ಗಿಡಗಳನ್ನು ಊರಿನ ರಸ್ತೆಯ ಬದಿ, ಶಾಲೆಯ ಅಂಗಳ, ಕೆರೆಯ ಹಿಂಬದಿ, ಹೊಲದ ಬದುಗಳಿಗೆ ಹಂಚಿ. ಬೇವು, ಹೊಂಗೆ, ಹುಣಸೆ, ಆಲ, ಯಾವುದಾದರೂ ಆದೀತು.

ನಮ್ಮ ಕಡೆಯ ಕಾಡಿನಲ್ಲಿ ಲಂಟಾನ ತುಂಬಿ ನೆಲವೇ ಕಾಣುವುದಿಲ್ಲ. ಇದು ಎಲ್ಲಿಂದ ಬಂತು? ಹೋಗಿಸುವ ದಾರಿ ಇದೆಯೇ?
– ಪ್ರೌಢಶಾಲಾ ಶಿಕ್ಷಕಿ, ಯಳಂದೂರು

ಅಮೆರಿಕ ಖಂಡದ ಉಷ್ಣವಲಯದ ಗಿಡ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಅಂದಕ್ಕೆಂದು ಕೋಲ್ಕತ್ತದ ಸಸ್ಯೋದ್ಯಾನಕ್ಕೆ ತಂದರು. ಹಕ್ಕಿಗಳು ಹಣ್ಣು ತಿಂದು ಉಳಿದ ಕೆಲಸ ಮಾಡಿದವು. ಅದರ ಕೆಳಗೆ ಹುಲ್ಲು ಬರುವುದಿಲ್ಲ, ಸಸಿ ಮೇಲೇಳುವುದಿಲ್ಲ. ಬೇಸಿಗೆಯಲ್ಲಿ ಬೆಂಕಿ ಬಿದ್ದರೆ ಲಂಟಾನ ಏಣಿಯಾಗಿ ಉರಿಯನ್ನು ಮರದ ತಲೆಗೆ ಏರಿಸುತ್ತದೆ. ಮೇಲಿನಿಂದ ನೋಡುವವರಿಗೆ ಆಗಲೂ ಹಸಿರೇ.

ನಿಮ್ಮ ಬಿಳಿಗಿರಿರಂಗನ ಬೆಟ್ಟದ ಸೋಲಿಗ ಹಿರಿಯರನ್ನು ಕೇಳಿ. ನೆಲದ ತರಗು ಪೂರ್ತಿ ಒಣಗುವ ಮೊದಲೇ, ಇಬ್ಬನಿ ಆರುವ ಹೊತ್ತಿಗೆ, ಸಣ್ಣ ತರಗು ಬೆಂಕಿ ಹಾಕುತ್ತಿದ್ದೆವು, ಅದು ಮೊಣಕಾಲಿನೆತ್ತರಕ್ಕೂ ಏಳುತ್ತಿರಲಿಲ್ಲ ಎಂದು ಹೇಳುತ್ತಾರೆ. 1974ರಲ್ಲಿ ಅಭಯಾರಣ್ಯವಾದ ಮೇಲೆ ಆ ರೂಢಿ ನಿಂತಿತು. ಆಮೇಲೆ ಲಂಟಾನ ಮೇಲುಗೈ ಪಡೆಯಿತು, ನೆಲ್ಲಿ ಮರಗಳಿಗೆ ಬಂದಳಿಕೆ ಹತ್ತಿತು ಎಂಬುದು ಅವರ ಅನುಭವ. ಸಂಶೋಧಕರೂ ಇದನ್ನು ಗಂಭೀರವಾಗಿ ಅಧ್ಯಯನ ಮಾಡಿದ್ದಾರೆ. ಈಗ ಲಂಟಾನ ಇಷ್ಟು ದಟ್ಟವಾಗಿರುವಾಗ ಬೆಂಕಿ ಹಾಕುವುದು ಅಪಾಯ. ಮೊದಲು ಬೇರುಸಹಿತ ಕೀಳಬೇಕು, ಕನಿಷ್ಠ ಮೂರು ವರ್ಷ ಮರುಮೊಳಕೆ ತೆಗೆಯಬೇಕು, ಖಾಲಿಯಾದ ನೆಲಕ್ಕೆ ಸ್ಥಳೀಯ ಹುಲ್ಲಿನ ಬೀಜ ಎರಚಬೇಕು. ಅದರ ಕಡ್ಡಿಯಿಂದ ಸೋಲಿಗರು ಕುರ್ಚಿ, ಆನೆಯ ಆಕೃತಿಗಳನ್ನು ಹೆಣೆಯುತ್ತಿದ್ದಾರೆ. ಕೀಳುವ ಕೂಲಿಗೆ ಅಷ್ಟಾದರೂ ಆಸರೆ. ನಿಮ್ಮ ಮಕ್ಕಳನ್ನು ಒಂದು ದಿನ ಅಲ್ಲಿಗೆ ಕರೆದೊಯ್ಯಿರಿ.

ಕಾಫಿ ತೋಟದ ನೆರಳೂ ಕಾಡಿನ ಲೆಕ್ಕವೇ?
– ಓದುಗರು, ಸೋಮವಾರಪೇಟೆ

ಹೊದಿಕೆಯ ಲೆಕ್ಕಕ್ಕೆ ಹೌದು. ಜೀವಿಗಳ ಲೆಕ್ಕಕ್ಕೆ, ನೆರಳು ಯಾವ ಮರದ್ದು ಎಂಬುದನ್ನು ನೋಡಬೇಕು. ಅತ್ತಿ, ಬಸರಿ, ಹಲಸು, ಹೊನ್ನೆ ಇರುವ ಹಳೆಯ ತೋಟದಲ್ಲಿ ಹಕ್ಕಿಗಳಿಗೆ ವರ್ಷವಿಡೀ ಏನಾದರೊಂದು ಇರುತ್ತದೆ. ಸಿಲ್ವರ್ ಓಕ್‌ನ ಬೀಜ ಗಾಳಿಗೆ ಹಾರುವಂಥದ್ದು, ತಿನ್ನಲು ಹಣ್ಣಿಲ್ಲ. ಆದರೂ ಬೆಳೆಗಾರರು ಅದನ್ನೇ ನೆಡಲು ಕಾರಣವಿದೆ. ಬೇಗ ಬೆಳೆಯುತ್ತದೆ, ಮೆಣಸಿನ ಬಳ್ಳಿಗೆ ನೇರ ಕಂಬವಾಗುತ್ತದೆ, ಕಡಿಯಲು ಅನುಮತಿಗಾಗಿ ಅಲೆಯಬೇಕಿಲ್ಲ. ತನ್ನ ಜಮೀನಿನಲ್ಲಿ ತಾನೇ ಬೆಳೆಸಿದ ಕಾಡುಮರದ ಮೇಲೆ ರೈತನಿಗೆ ಹಕ್ಕು ಕೊಡದೆ, ಅದನ್ನೇ ಬೆಳೆಸು ಎಂದರೆ ಯಾರು ಕೇಳುತ್ತಾರೆ? ಈ ನಿಯಮ ಬದಲಾಗಬೇಕು ಎಂದು ನಾನು ಖಂಡಿತವಾಗಿ ಹೇಳುತ್ತೇನೆ. ಕೊಡಗಿನಲ್ಲಿ 1,214 ದೇವರಕಾಡುಗಳ ಲೆಕ್ಕವಿದೆ. ಅವುಗಳ ನಡುವೆ ಹಕ್ಕಿ ಹಾರಿ ಬಂದು ಕೂರಲು ನಿಮ್ಮ ತೋಟದ ಒಂದು ಬಸರಿ ಮರವೂ ಬೇಕು.

ಕಾಡು ಹೆಚ್ಚಿದ್ದರೆ ಆನೆಗಳು ಊರಿಗೆ ಬರುವುದೇಕೆ?
– ಓದುಗರು, ಸಕಲೇಶಪುರ

2023ರ ಗಣತಿಯಂತೆ ರಾಜ್ಯದಲ್ಲಿ 6,395 ಆನೆಗಳಿವೆ, ದೇಶದಲ್ಲೇ ಹೆಚ್ಚು. ಅವುಗಳಿಗೆ ಬೇಕಾದುದು ಎಡೆಬಿಡದೆ ಸಾಗುವ ಹಾದಿ. ಕಾಡಿನ ಮೊತ್ತ ಹಾಗೇ ಇದ್ದು, ಕಾಲುವೆ, ರಸ್ತೆ, ರೈಲು, ಬೇಲಿಗಳಿಂದ ತುಂಡು ತುಂಡಾದರೆ ತುಂಡಿನಿಂದ ತುಂಡಿಗೆ ಹೋಗುವ ದಾರಿಯಲ್ಲಿ ನಿಮ್ಮ ಭತ್ತದ ಗದ್ದೆ ಸಿಗುತ್ತದೆ. ನಿಮ್ಮ ಸೀಮೆಯಲ್ಲಂತೂ ಕೆಲವು ಹಿಂಡುಗಳು ತೋಟಗಳಲ್ಲೇ ಮರಿ ಹಾಕಿ ಬೆಳೆದಿವೆ. ಅವುಗಳ ಪಾಲಿಗೆ ಊರು ಎಂಬುದು ಬೇರೆ ಜಾಗವೇ ಅಲ್ಲ. ನಿಮ್ಮ ಕಷ್ಟ ದೊಡ್ಡದು, ನಾಲ್ಕು ಸಾಲಿನಲ್ಲಿ ಮುಗಿಸುವಂಥದ್ದಲ್ಲ. ಮುಂದಿನ ಸಂಚಿಕೆ ಪೂರ್ತಿ ಇದಕ್ಕೇ ಮೀಸಲು.

ಈ ಮಳೆಗಾಲಕ್ಕೆ ಮಕ್ಕಳಿಂದ ಬೀಜದುಂಡೆ ಮಾಡಿಸಿ ಗುಡ್ಡಕ್ಕೆ ಎಸೆಯಬೇಕೆಂದಿದ್ದೇವೆ. ಯಾವ ಬೀಜ ಒಳ್ಳೆಯದು? ರಾಮಪತ್ರೆ ಆಗಬಹುದೇ?
– ಪ್ರಾಥಮಿಕ ಶಾಲೆಯ ಮುಖ್ಯೋಪಾಧ್ಯಾಯರು, ಹೊನ್ನಾವರ

ರಾಮಪತ್ರೆ ಉಂಡೆಗೆ ಖಂಡಿತ ಆಗದು. ಬೀಜದುಂಡೆಯನ್ನು ಬಿಸಿಲಿನಲ್ಲಿ ಒಣಗಿಸುತ್ತೀರಲ್ಲ, ಅಲ್ಲೇ ಅದು ಸಾಯುತ್ತದೆ. ರಾಗಿ, ಹೆಸರುಕಾಳಿನಂತೆ ಒಣಗಿಸಿ ಡಬ್ಬಿಯಲ್ಲಿಡಬಹುದಾದ ಬೀಜಗಳು ಒಂದು ಬಗೆ. ರಾಮಪತ್ರೆ, ಸಾಲುಧೂಪ, ಹಲಸು, ಮಾವುಗಳದು ಇನ್ನೊಂದು ಬಗೆ. ಅವು ಒದ್ದೆಯಾಗಿಯೇ ಹುಟ್ಟಿ ಒದ್ದೆಯಾಗಿಯೇ ಮೊಳೆಯಬೇಕು. ಮಳೆಕಾಡಿನ ಹಲವು ದೊಡ್ಡ ಮರಗಳ ಬೀಜ ಇಂಥದ್ದೇ. ಒಂದು ಸಲ ನೆರಳು ಹೋದ ನೆಲಕ್ಕೆ ಅವು ಮರಳಿ ಬರುವುದು ಕಷ್ಟವಾಗಿರುವುದಕ್ಕೆ ಇದೂ ಒಂದು ಕಾರಣ.

ಉಂಡೆಯ ಬದಲು ಮಕ್ಕಳಿಂದ ಸಣ್ಣ ಸಸಿತೋಟ ಮಾಡಿಸಿ. ಅರಣ್ಯ ಇಲಾಖೆಯ ಸ್ಥಳೀಯ ಸಿಬ್ಬಂದಿಗೆ ಹೇಳಿ ಅನುಮತಿ ಪಡೆದು ಮಳೆಗೆ ಮೊದಲೇ ಬೀಜ ಹೆಕ್ಕಲು ಹೋಗಿ. ಕಾಯಿ ಬಿರಿದು, ಪತ್ರೆ ಎಂಬ ಕೆಂಪು ಹೊದಿಕೆ ಸುತ್ತಿಕೊಂಡು ನೆಲಕ್ಕೆ ಬಿದ್ದ ಬೀಜವನ್ನು ಮಾತ್ರ ಆರಿಸಿ. ಮರ ಹತ್ತಿ ಕಾಯಿ ಕೀಳಬೇಡಿ. ಪತ್ರೆಗಾಗಿ ಎಳೆಗಾಯಿ ಕಿತ್ತೇ ಈ ಮರ ಅನೇಕ ಕಡೆ ಬರಿದಾಗಿದೆ. ಸಿಕ್ಕಿದ್ದನ್ನೆಲ್ಲ ಬಾಚದೆ ಬಹುಪಾಲನ್ನು ಅಲ್ಲೇ ಬಿಡಿ, ಮಂಗಟ್ಟೆಗೂ ಪಾಲಿದೆ. ಚೀಲದ ತಳಕ್ಕೆ ಒದ್ದೆ ಗೋಣಿಯೋ ಪಾಚಿಯೋ ಹಾಸಿ. ಮನೆಗೆ ಬಂದ ಮೇಲೆ ಪತ್ರೆ ಬಿಡಿಸಿ, ಮರುದಿನಕ್ಕೆ ಮುಂದೂಡದೆ, ನೆರಳಿನಲ್ಲಿ ಒದ್ದೆ ಮರಳಿನಲ್ಲಿ ಅಡ್ಡಡ್ಡ ಮಲಗಿಸಿ ತೆಳ್ಳಗೆ ಮುಚ್ಚಿ. ಮೊಳಕೆಗೆ ವಾರಗಳೇ ಬೇಕು. ಮಕ್ಕಳು ದಿನವೂ ಅಗೆದು ನೋಡದಂತೆ ನೋಡಿಕೊಳ್ಳುವುದೇ ದೊಡ್ಡ ಕೆಲಸ. ಎರಡು ವರ್ಷ ನೆರಳಿನಲ್ಲಿ ಸಾಕಿ, ಬೇಸಿಗೆಯಲ್ಲೂ ಒದ್ದೆ ಇರುವ ತೊರೆಯಂಚಿಗೆ ಒಯ್ಯಿರಿ.

ಒಂದೆರಡು ಸಸಿ ನೆಟ್ಟು ನಿಲ್ಲಿಸಬೇಡಿ. ಹೂ ಬಿಡುವವರೆಗೆ ಯಾವುದು ಗಂಡು, ಯಾವುದು ಹೆಣ್ಣು ಎಂದು ತಿಳಿಯುವುದಿಲ್ಲ, ಹೂ ಬಿಡಲು ಬಹಳ ವರ್ಷ ಬೇಕು. ಗುಂಪಾಗಿ ನೆಡಿ. ನಮ್ಮ ತೋಟದ ಆ ಎರಡು ಮರಗಳ ಪಕ್ಕದಲ್ಲಿ ನಾನು ಹನ್ನೊಂದು ಸಸಿ ನೆಟ್ಟಿದ್ದೆ, ಒಂಬತ್ತು ಉಳಿದಿವೆ, ಎಲ್ಲಕ್ಕಿಂತ ಎತ್ತರದ್ದು ಈಗ ನನ್ನ ಭುಜದವರೆಗೆ ಬಂದಿದೆ.